ಇಲಿ ಎಲ್ಲಿ ಮನೆ ಮಾಡುತ್ತದೆ, ಹೇಗೆ ಗೂಡು ಕಟ್ಟುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲ, ಬೇಲಿ, ಕುರುಚಲು ಕಾಡು, ಬಣವೆ, ಅಟ್ಟ, ಹೀಗೆ ಇಲಿ ಇಲ್ಲದ ಜಾಗವೇ ಕಡಿಮೆ. ಆದರೂ ಅದರ ಮನೆಯ ವಿಚಾರದಲ್ಲಿ ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ನೆಲದ ಮೇಲಿನ ಒಂದು ತೂತು ಮಾತ್ರ. ಇಲ್ಲಿ ಹೆಚ್ಚಾಗಿ ನಮ್ಮ ಬಯಲುಸೀಮೆಯ ಹೊಲದ ಇಲಿಗಳ ಮಾತಿದೆ. ಹೊರದೇಶದ ಇಲಿಗಳ ಮೇಲೆ ಒಳ್ಳೆಯ ಅಧ್ಯಯನ ನಡೆದಿರುವ ಕಡೆ ಅದನ್ನೂ ಸೇರಿಸಿದ್ದೇನೆ. ಎಲ್ಲ ಉತ್ತರಗಳಲ್ಲೂ ಒಂದೇ ಸಂಗತಿ ಬೇರೆ ಬೇರೆ ರೂಪದಲ್ಲಿ ಬರುತ್ತದೆ: ಇಲಿ ಮೊದಲು ಜಾಗ ಆರಿಸುತ್ತದೆ, ಆಮೇಲೆ ಆ ಜಾಗದಲ್ಲಿ ಏನು ಕೊರತೆಯಿದೆಯೋ ಅದನ್ನಷ್ಟೇ ಕಟ್ಟಿ ತುಂಬಿಕೊಳ್ಳುತ್ತದೆ.

ಬಿಲ ಬೇರೆ, ಗೂಡು ಬೇರೆಯೇ?

ಹೌದು, ಬೇರೆ. ಬಿಲ ಎಂದರೆ ನೆಲದೊಳಗಿನ ದಾರಿ, ಅದರ ಕೊನೆಗೋ ನಡುವಿಗೋ ಇರುವ ಕೋಣೆ. ಗೂಡು ಎಂದರೆ ಒಣಹುಲ್ಲು, ನಾರು, ಎಲೆ, ಅರಳೆ ಇಂಥದ್ದನ್ನು ತಂದು ಮಾಡಿಕೊಂಡ ಹಾಸಿಗೆ, ಹೊದಿಕೆ. ಬಿಲ ಮಾತ್ರ ಇದ್ದು ಹೇಳಿಕೊಳ್ಳುವಂಥ ಗೂಡಿಲ್ಲದ ಇಲಿಗಳಿವೆ. ಬಿಲವನ್ನೇ ತೋಡದೆ ಪೊದೆಯಲ್ಲಿ ಗೂಡು ಹೆಣೆಯುವವೂ ಇವೆ. ನಮ್ಮ ಗದ್ದೆ ಬದುಗಳಲ್ಲಿ ಸಿಗುವ, ಹತ್ತು ಗ್ರಾಂ ಆಸುಪಾಸು ತೂಗುವ ಸಣ್ಣ ಹೊಲದ ಇಲಿ (ವಿಜ್ಞಾನಿಗಳು ಕರೆಯುವ ಹೆಸರು ಮಸ್ ಬೂಡುಗ) ಎರಡನ್ನೂ ಮಾಡುತ್ತದೆ. ಬದುವಿನ ಓರೆಯಲ್ಲಿ ಹೆಬ್ಬೆರಳು ತೂರುವಷ್ಟು ಕಿರಿದಾದ ಬಾಯಿ, ಅದರ ಮುಂದೆ ಒಂದು ಹಿಡಿ ಪುಡಿಮಣ್ಣು, ಒಳಗೆ ಒಣಹುಲ್ಲು ಹಾಸಿದ ಸಣ್ಣ ಕೋಣೆ.

ಜಾಗ ಆರಿಸುವಾಗ ಇಲಿ ಏನನ್ನು ನೋಡುತ್ತದೆ?

ಮುಖ್ಯವಾಗಿ ಶಾಖ, ನೀರು, ಶತ್ರು ಈ ಮೂರನ್ನು. ಮೇವು ಹತ್ತಿರವಿರಬೇಕು ಎಂಬುದು ನಿಜ, ಆದರೆ ಅದು ನಾಲ್ಕನೆಯದು.

ಶಾಖದ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಒಳಗಿನ ಬಿಸಿ ಬೇಗ ಹೊರಗೆ ಹೋಗುತ್ತದೆ. ಮನೆಯ ಸುಂಡಿಲಿಗೆ ಸುತ್ತಲಿನ ಗಾಳಿ ಸುಮಾರು 30 ಡಿಗ್ರಿ ಇದ್ದರೆ ಮೈ ಬೆಚ್ಚಗಿಡಲು ಹೆಚ್ಚಿನ ಶ್ರಮವಿಲ್ಲ. ಅದಕ್ಕಿಂತ ಕೆಳಗಿಳಿದ ಪ್ರತಿ ಡಿಗ್ರಿಗೂ ಅದು ಹೆಚ್ಚು ತಿಂದು ಉರಿಸಬೇಕು. ನಮಗೆ ಹಿತವೆನಿಸುವ 22 ಡಿಗ್ರಿ ಅದಕ್ಕೆ ಚಳಿ. ನೆಲದ ಮೇಲೆ ಹಗಲು ಉರಿಬಿಸಿಲು, ಮಾಗಿಯ ಬೆಳಗಿನ ಜಾವ ಕೊರೆಯುವ ಚಳಿ. ಆದರೆ ಅರ್ಧ ಮೀಟರ್ ಆಳಕ್ಕೆ ಹೋದರೆ ಹಗಲಿಗೂ ರಾತ್ರಿಗೂ ಉಷ್ಣಾಂಶದಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇರುವುದಿಲ್ಲ. ಬಿಲ ತೋಡುವುದರ ದೊಡ್ಡ ಲಾಭ ಇದು.

ನೀರಿನದು ಎರಡು ಬಗೆಯ ಕಾಟ. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಬಾರದು, ಬೇಸಿಗೆಯಲ್ಲಿ ಒಳಗಿನ ತೇವ ಪೂರ್ತಿ ಆರಬಾರದು. ಸಮತಟ್ಟು ನೆಲಕ್ಕಿಂತ ಬದು, ಕಾಲುವೆ ಏರಿ, ಹಳ್ಳದ ದಂಡೆಗಳಲ್ಲಿ ಬಿಲಗಳು ಹೆಚ್ಚು ಕಾಣುವುದು ಇದಕ್ಕೇ. ಭತ್ತದ ಗದ್ದೆಗೆ ನೀರು ಕಟ್ಟಿದ ಮೇಲಂತೂ ಬದು ಬಿಟ್ಟರೆ ಒಣ ಜಾಗವೇ ಇಲ್ಲ.

ಇನ್ನು ಶತ್ರು. ಗೂಬೆಗೆ ಬಯಲು ಬೇಕು, ಇಲಿಗೆ ಮರೆ ಬೇಕು. ಬಿಲದ ಬಾಯಿಂದ ಮೇವಿನವರೆಗೆ ಹುಲ್ಲಿನ ಅಡಿಯಲ್ಲೋ ಗೋಡೆಯ ಅಂಚಿನಲ್ಲೋ ಮರೆಯಾಗಿ ಹೋಗುವ ದಾರಿ ಇರಬೇಕು. ಇಲಿ ಕೋಣೆಯ ನಡುವೆ ಓಡದೆ ಗೋಡೆಗೆ ಮೈ ತಾಗಿಸಿಕೊಂಡು ಓಡುವುದನ್ನು ಎಲ್ಲರೂ ನೋಡಿರುತ್ತೀರಿ. ಮೀಸೆಗೂ ಪಕ್ಕೆಗೂ ಏನಾದರೂ ತಾಗುತ್ತಿದ್ದರೇ ಅದಕ್ಕೆ ಧೈರ್ಯ. ಅದಕ್ಕೇ ಅಗಲವಾದ ಪೊಟರೆಗಿಂತ ಇಕ್ಕಟ್ಟಾದ ಸಂದು ಅದಕ್ಕೆ ಇಷ್ಟ.

ಎರೆ ಹೊಲದಲ್ಲಿ ಬಿಲದ ಬಾಯಿಗಳು ಕಾಣುವುದಿಲ್ಲ, ಆದರೂ ಇಲಿ ಕಾಟ ವಿಪರೀತ. ಅವು ಇರುವುದೆಲ್ಲಿ?

ಬಿರುಕುಗಳಲ್ಲಿ. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಟ್ಟಾಗ ಕೈ ತೋಳಿನವರೆಗೆ ಇಳಿಯುವಷ್ಟು ಆಳದ ಸೀಳುಗಳಾಗುತ್ತವೆ. ಮೃದುವಾದ ತುಪ್ಪಳದ ಹೊಲದ ಇಲಿಯೊಂದಿದೆ, ವಿಜ್ಞಾನದಲ್ಲಿ ಅದರ ಹೆಸರು ಮಿಲಾರ್ಡಿಯ ಮೆಲ್ಟಾಡ. ಅದು ಸಿದ್ಧವಾಗಿರುವ ಈ ಸೀಳುಗಳಲ್ಲೇ ಬೇಸಿಗೆ ಕಳೆಯುತ್ತದೆ.

ಇದನ್ನು ಮೊದಲು ಚೆನ್ನಾಗಿ ಬರೆದಿಟ್ಟವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ, ಮುಂದೆ ಕನ್ನಡ ಶಾಸನಗಳ ನಕಲುಗಳನ್ನು ರಾಶಿರಾಶಿಯಾಗಿ ಕೂಡಿಸಿದವನೂ ಅವನೇ. ಧಾರವಾಡ ಸೀಮೆಯ ಪ್ರಾಣಿಗಳ ಬಗ್ಗೆ ಅವನು 1839ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಈ ಇಲಿಗೆ ಒಳ್ಳೆಯ ಜಾಗವೇ ಸಿಕ್ಕಿದೆ. ಅವನ ಪ್ರಕಾರ ಇದು ಜೋಡಿಯಾಗಿ, ಇಲ್ಲವೇ ಐದಾರು ಇಲಿಗಳ ಗುಂಪಾಗಿ ಉಳುಮೆಯ ಹೊಲದಲ್ಲೇ ಇರುತ್ತದೆ. ಪೊದೆಯ ಬುಡದಲ್ಲಿ ಹೆಸರಿಗಷ್ಟೇ ಒಂದು ಗುಳಿ ಮಾಡುತ್ತದೆ. ಅದೂ ಬೇಡವೆನಿಸಿದರೆ ಹೊಲದಲ್ಲಿ ಆಯ್ದು ಹಾಕಿದ ಕಲ್ಲಿನ ಗುಡ್ಡೆ, ಹೆಗ್ಗಣ ಬಿಟ್ಟುಹೋದ ಬಿಲ, ಎರೆ ನೆಲದ ಬಿರುಕು, ಯಾವುದು ಸಿಕ್ಕರೆ ಅದು.

ಈ ಆಯ್ಕೆಗೆ ಬೆಲೆಯೂ ಇದೆ. ಎರೆ ಮಣ್ಣಿನ ಜೇಡಿ ನೀರು ಹೀರಿದ ಕೂಡಲೇ ಉಬ್ಬುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕುಗಳು ಕುಸಿದು ಮುಚ್ಚಿಕೊಳ್ಳುತ್ತವೆ, ಒಳಗಿದ್ದ ಇಲಿಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ ಎಂದು ಎಲಿಯಟ್ ಬರೆದ. ಅದರ ಮುಂದಿನ ಮಾತು ಇನ್ನೂ ಮುಖ್ಯ. 1826ರಲ್ಲಿ ಮುಂಗಾರಿನ ಆರಂಭದಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ಈ ಇಲಿಗಳು ಪಿಡುಗಿನಂತೆ ಹೆಚ್ಚಿದವು. ಬಿತ್ತಿದ ಬೀಜವನ್ನು ಬಿತ್ತಿದ ಹಾಗೇ ತಿಂದವು. ಉಳಿದ ಬೆಳೆ ಕಾಳುಗಟ್ಟುವ ಹೊತ್ತಿಗೆ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ಕಂದಾಯ ಕಟ್ಟಲಾಗದಷ್ಟು ಹೊಲಗಳು ಹಾಳಾದವು. ಕೆರೆ ತೋಡುವ ಒಡ್ಡ ಸಮುದಾಯದವರಿಗೆ ಡಜನ್ನಿಗೆ ಇಷ್ಟು ಕಾಳು ಎಂದು ಅಳೆದುಕೊಟ್ಟು ಸಾವಿರಗಟ್ಟಲೆ ಕೊಲ್ಲಿಸಿದರೂ ಇಲಿಗಳ ಸಂಖ್ಯೆ ಇಳಿಯಲಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಇಲಿಗಳ ಸಂಖ್ಯೆಯ ಲೆಕ್ಕದಲ್ಲಿ ನಾವು ಮೇವನ್ನು ಮಾತ್ರ ನೋಡಿ ಮನೆಯನ್ನು ಮರೆಯುತ್ತೇವೆ. ಬಿರುಕು ಮುಚ್ಚಿಸುವ ಒಂದು ಮಳೆ ಆ ವರ್ಷದ ಇಲಿಗಳ ಹಣೆಬರಹವನ್ನೇ ಬದಲಿಸುತ್ತದೆ.

ಕಲ್ಲು ಕೂಡಿಡುವ ಇಲಿ ಇದೆ ಎನ್ನುತ್ತಾರೆ. ನಿಜವೇ?

ನಿಜ, ಅದೂ ನಮ್ಮ ನೆಲದ್ದೇ. ಒರಟು, ಚಪ್ಪಟೆ ಕೂದಲಿನ ಇಲಿ, ಮಸ್ ಪ್ಲಾಟಿಥ್ರಿಕ್ಸ್. ಒಡ್ಡರು ಇದನ್ನು ಲೆಗ್ಗಡೆ ಎನ್ನುತ್ತಾರೆಂದು ಎಲಿಯಟ್ ದಾಖಲಿಸಿದ್ದಾನೆ. ಇದಕ್ಕೆ ಎರೆ ಮಣ್ಣು ಆಗದು. ಗರಸು ಕೂಡಿದ ಕೆಂಪು ನೆಲವೇ ಬೇಕು, ಅದರಲ್ಲೂ ದಿಣ್ಣೆಯ ಓರೆ. ಬಿಲದ ಹೊರಗೆ ಸಣ್ಣ ಹರಳುಗಳ ರಾಶಿ ಕಂಡರೆ ಇದರ ಮನೆ ಎಂದು ಗುರುತಿಸಬಹುದು. ಇಲಿ ಒಳಗಿರುವಾಗ ಆ ಹರಳುಗಳಿಂದಲೇ ಬಾಗಿಲು ಮುಚ್ಚಿರುತ್ತದೆ.

ಎಲಿಯಟ್ ಅಂಥ ಒಂದು ಬಿಲವನ್ನು ಅಗೆದು ನೋಡಿದ. ಬಾಯಿ ತುಂಬ ದೊಡ್ಡದು, ಆ ಬಿಲವನ್ನು ಮೊದಲು ತೋಡಿದ್ದು ಬೇರೆ ಪ್ರಾಣಿ ಇರಬೇಕು. ಬಾಯಿಗೆ ಪೂರ್ತಿ ಹರಳು ತುಂಬಿತ್ತು. ಒಳದಾರಿ ಅಗಲವಾಗುತ್ತಾ ಹೋಗಿ ಒಂದು ದೊಡ್ಡ ಕೋಣೆ ಸೇರುತ್ತಿತ್ತು. ಅಲ್ಲಿ ಹರಳಿನ ಹಾಸಿಗೆಯ ಮೇಲೆ ಒಂದು ಜೋಡಿ ದೊಡ್ಡ ಇಲಿಗಳು ಕುಳಿತಿದ್ದವು. ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಇನ್ನೊಂದು ಹರಳಿನ ಗುಡ್ಡೆ. ತೇವವಾದಾಗ ಒಣ ಜಾಗ ಬೇಕೆಂದು ಮಾಡಿಕೊಂಡದ್ದಿರಬೇಕು ಎಂಬುದು ಅವನ ಊಹೆ. ಒಂದು ಕವಲುದಾರಿಯಲ್ಲಿ ಮುಕ್ಕಾಲು ಬೆಳೆದ ಮರಿಗಳ ಜೋಡಿ, ಅವಕ್ಕೂ ಅವುಗಳದೇ ಹರಳಿನ ರಾಶಿ. ಹೊಟ್ಟೆಯ ಕಡೆ ಕೂದಲು ದಟ್ಟವಾಗಿರುವುದರಿಂದ ಕಲ್ಲಿನ ತಣುಪೂ ಒರಟುತನವೂ ಅದಕ್ಕೆ ತಾಗುವುದಿಲ್ಲ ಎಂದೂ ಬರೆದಿದ್ದಾನೆ.

ಎಲ್ಲ ಇಲಿಗಳೂ ಹುಲ್ಲು, ಹತ್ತಿ ಹುಡುಕುತ್ತಿರುವಾಗ ಇದು ಕಲ್ಲಿನ ಮೇಲೆ ಮಲಗುತ್ತದೆ. ಹುಲ್ಲು ನೆನೆದರೆ ಕೊಳೆಯುತ್ತದೆ, ಹರಳು ಕೊಳೆಯುವುದಿಲ್ಲ, ನೀರನ್ನೂ ಕೆಳಕ್ಕೆ ಬಿಟ್ಟುಕೊಡುತ್ತದೆ. ಗರಸು ನೆಲದಲ್ಲಿ ಬೇಕಾದಷ್ಟು ಸಿಗುವುದೂ ಅದೇ. ಆಸ್ಟ್ರೇಲಿಯಾದ ಪಶ್ಚಿಮದ ಪಿಲ್ಬರಾ ಸೀಮೆಯಲ್ಲೂ ಇಂಥ ಚಟವಿರುವ ಇಲಿಯೊಂದಿದೆ. ತನ್ನ ತೂಕದ ಅರ್ಧದಷ್ಟು ಭಾರದ ಹರಳುಗಳನ್ನೂ ಬಾಯಲ್ಲಿ ಕಚ್ಚಿ ತಂದು ಬಿಲದ ಮೇಲೆ ಹರಡುತ್ತದೆ. ಆ ಹಾಸು ದೊಡ್ಡದಾದರೆ 9 ಚದರ ಮೀಟರ್‌ವರೆಗೂ ಹೋಗುತ್ತದೆ. ಅದಕ್ಕೂ ನಮ್ಮ ಇಲಿಗೂ ಹತ್ತಿರದ ನೆಂಟಸ್ತಿಕೆ ಇಲ್ಲ.

ಗಿಡಮರಗಳ ಮೇಲೆ ಗೂಡು ಕಟ್ಟುವ ಇಲಿಗಳು ನಮ್ಮಲ್ಲಿವೆಯೇ?

ಇವೆ. ಮೈಗಿಂತ ಬಾಲವೇ ಉದ್ದವಿರುವ ಮರದ ಇಲಿ (ವಾಂಡೆಲೂರಿಯ) ಕೊಂಬೆಗಳ ಸಂದಿನಲ್ಲಿ, ಪೊಟರೆಯಲ್ಲಿ ಹುಲ್ಲು, ಎಲೆ ಸೇರಿಸಿ ಗೂಡು ಮಾಡುತ್ತದೆ. ಅದರ ಪಾದಗಳ ಎರಡು ಅಂಚಿನ ಬೆರಳುಗಳಿಗೆ ಚೂಪು ಉಗುರಿನ ಬದಲು ಚಪ್ಪಟೆ ಉಗುರು. ಸಣ್ಣ ರೆಂಬೆಯನ್ನು ಅವುಗಳಿಂದ ಹಿಡಿದುಕೊಳ್ಳುತ್ತದೆ, ಬಾಲವನ್ನು ಆಸರೆಗೆ ಸುತ್ತುತ್ತದೆ. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಮುಳ್ಳುಗೂದಲಿನ, ಕುಚ್ಚುಬಾಲದ ಇನ್ನೊಂದು ಪ್ರಾಣಿಯಿದೆ, ಪ್ಲಾಟಕ್ಯಾಂಥೊಮಿಸ್. ಹಳೆಯ ಮರಗಳ ಪೊಟರೆಯೇ ಅದರ ಮನೆ, ಒಳಗೆ ಎಲೆ, ಪಾಚಿಯ ಹಾಸು. ಹಳೆಯ ಮರ ಉರುಳಿದರೆ ಅದಕ್ಕೆ ಬೇರೆ ಮನೆ ಸುಲಭಕ್ಕೆ ಸಿಗುವುದಿಲ್ಲ.

ಆದರೆ ಹೆಣಿಗೆಯ ಕೆಲಸ ನೋಡಬೇಕೆಂದರೆ ಕುರುಚಲು ಕಾಡಿನ ಪೊದೆ ಇಲಿಯದನ್ನು ನೋಡಬೇಕು. ಎಲಿಯಟ್‌ನ ಹೆಸರನ್ನೇ ಹೊತ್ತ ಇದು ಗೋಲುಂಡ ಎಲಿಯೋಟಿ. ಮುಳ್ಳು ಪೊದೆಯ ನಡುವೆ, ಕೆಲವೊಮ್ಮೆ ಅದರ ಬುಡದಲ್ಲಿ, ಒಣಹುಲ್ಲಿನ ಬಾಗುವ ದಂಟು, ನಾರುಗಳನ್ನು ಒತ್ತೊತ್ತಾಗಿ ಹೆಣೆದು ಉಂಡೆಯಾಕಾರದ ಗೂಡು ಮಾಡುತ್ತದೆ. ಹೊರಗಿನ ಅಡ್ಡಳತೆ ಆರರಿಂದ ಒಂಬತ್ತು ಅಂಗುಲ, ಒಳಗೆ ಇಲಿ ಮುದುಡಿ ಮಲಗುವ ಕೋಣೆ ಮೂರು ನಾಲ್ಕು ಅಂಗುಲ ಮಾತ್ರ. ಉಳಿದದ್ದೆಲ್ಲ ಗೋಡೆಯ ದಪ್ಪ. ಪೊದೆಯ ಸುತ್ತ ಓಡಾಡಿ ಸವೆದ ಸಣ್ಣ ಕಾಲುದಾರಿಗಳಿರುತ್ತವೆ. ಈ ಇಲಿ ನಿಧಾನಿ, ಬೇರೆ ಇಲಿಗಳಂತೆ ಚಂಗನೆ ಜಿಗಿಯಲಾರದು, ಗರಿಕೆ ಬೇರು ತಿಂದುಕೊಂಡು ಬೆಳಿಗ್ಗೆ ಸಂಜೆ ಓಡಾಡುತ್ತದೆ. ನೆಲದಡಿಯ ಆಸರೆ ಇಲ್ಲದ್ದಕ್ಕೆ ದಪ್ಪ ಗೋಡೆ, ಓಟ ಬಾರದ್ದಕ್ಕೆ ಮುಳ್ಳಿನ ಬೇಲಿ.

ಗೂಡು ಕಟ್ಟುವ ಕ್ರಮ ಹೇಗೆ?

ಸುಂಡಿಲಿ ಕಟ್ಟುವುದನ್ನು ಹತ್ತಿರದಿಂದ ನೋಡಿದರೆ ಕೆಲಸದ ಹದ ಗೊತ್ತಾಗುತ್ತದೆ. ಮೊದಲು ಸಾಮಾನು ಸಾಗಿಸುತ್ತದೆ. ಹುಲ್ಲಿನ ಎಸಳನ್ನು ನಡುವಿಗೆ ಕಚ್ಚಿ, ತಲೆ ಎತ್ತಿ, ಕಾಲಿಗೆ ತೊಡರದಂತೆ ಎಳೆದು ತರುತ್ತದೆ. ಸಾಕಷ್ಟು ಸೇರಿದ ಮೇಲೆ ರಾಶಿಯ ನಡುವೆ ತಾನು ಕೂರುತ್ತದೆ. ಅಲ್ಲಿಂದ ಮುಂದೆ ಎಲ್ಲ ಕೆಲಸ ಒಳಗಿನಿಂದಲೇ. ಮುಂಗಾಲುಗಳಿಂದ ಒಂದೊಂದೇ ಎಳೆಯನ್ನು ಹತ್ತಿರ ಎಳೆದುಕೊಂಡು, ಎರಡು ಕೈಯಲ್ಲಿ ಹಿಡಿದು, ಹಲ್ಲಿನಿಂದ ಉದ್ದಕ್ಕೆ ಸೀಳುತ್ತದೆ. ಸೀಳಿದ್ದನ್ನು ಮೂತಿಯಿಂದ ಅಂಚಿಗೆ ತಳ್ಳುತ್ತದೆ. ಸ್ವಲ್ಪ ತಿರುಗಿ ಮತ್ತೆ ಅದನ್ನೇ ಮಾಡುತ್ತದೆ. ಹೀಗೆ ತನ್ನ ಸುತ್ತ ತಾನೇ ತಿರುಗುವಾಗ ಮೈ ಒತ್ತಿ ಬಟ್ಟಲಿನ ಆಕಾರ ತಾನಾಗಿ ಬರುತ್ತದೆ. ಒರಟು ಎಳೆ ಹೊರಗೆ ಉಳಿಯುತ್ತದೆ, ನುಣ್ಣಗಾದದ್ದು ಒಳಗೆ. ಇನ್ನೂ ಬೇಕೆನಿಸಿದರೆ ಅಂಚನ್ನು ಎತ್ತರಿಸುತ್ತಾ ಹೋಗಿ ತಲೆಯ ಮೇಲೆ ಕೂಡಿಸುತ್ತದೆ. ಆಗ ಬಟ್ಟಲು ಗುಮ್ಮಟವಾಗುತ್ತದೆ.

ಯುರೋಪಿನ ಗೋಧಿ ಹೊಲಗಳ ಪುಟ್ಟ ಇಲಿಯೊಂದು (ಮೈಕ್ರೊಮಿಸ್, ತೂಕ ಸುಮಾರು 6 ಗ್ರಾಂ) ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಎಲೆಗಳನ್ನು ಕಿತ್ತು ತರುವುದಿಲ್ಲ. ದಂಟಿನಲ್ಲಿ ಇರುವಂತೆಯೇ ಎಲೆಯನ್ನು ಉದ್ದಕ್ಕೆ ಸೀಳಿ ಗೂಡಿಗೆ ಹೆಣೆಯುತ್ತದೆ. ಗೂಡು ಹಸಿರಾಗಿಯೇ ಇದ್ದು ಬೆಳೆಯ ನಡುವೆ ಕಣ್ಣಿಗೆ ಬೀಳುವುದಿಲ್ಲ, ಬಾಗಿಲೂ ಕಾಣುವುದಿಲ್ಲ.

ಚಳಿ ಹೆಚ್ಚಾದರೆ ಗೂಡು ದಪ್ಪವಾಗುತ್ತದೆಯೇ?

ಆಗುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಹತ್ತಿಯ ತೂಕದಲ್ಲಿ ಅಳೆಯುತ್ತಾರೆ. ಪಂಜರದ ಹೊರಗೆ ಹತ್ತಿ ಇಟ್ಟು ಇಲಿ ದಿನಕ್ಕೆ ಎಷ್ಟು ಗ್ರಾಂ ಎಳೆದುಕೊಂಡಿತು ಎಂದು ತೂಗುತ್ತಾರೆ. ಉಷ್ಣಾಂಶ ಇಳಿಸಿದರೆ ತೂಕ ಏರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮಾಂಸದ ಶೀತಲಗೃಹಗಳಲ್ಲಿ, ಶೂನ್ಯಕ್ಕಿಂತ 10 ಡಿಗ್ರಿ ಕೆಳಗೆ, ಸುಂಡಿಲಿಗಳು ಸಂಸಾರ ಹೂಡಿ ಮರಿ ಹಾಕುತ್ತಿದ್ದವು. ಕತ್ತಲಲ್ಲಿ, ಹಿಮಗಟ್ಟಿದ ಮಾಂಸ ತಿಂದುಕೊಂಡು. ಅಂಥ ಚಳಿಯಲ್ಲಿ ಬೆತ್ತಲೆ ಮರಿ ಉಳಿಯಬೇಕಾದರೆ ಗೂಡಿನ ಗೋಡೆ ಬಿಟ್ಟು ಬೇರೆ ದಾರಿಯೇ ಇಲ್ಲ.

ಚಳಿಗಾಲಕ್ಕೆಂದೇ ಬೇರೆ ಮನೆ ಕಟ್ಟುವ ಇಲಿಯೂ ಇದೆ. ಹಂಗೆರಿ, ಸರ್ಬಿಯಾ, ರೊಮೇನಿಯಾ ಕಡೆಯ ಹೊಲಗಳಲ್ಲಿ ಮಸ್ ಸ್ಪಿಸಿಲೆಗಸ್ ಎಂಬ ಇಲಿಗಳು ಶರತ್ಕಾಲದಲ್ಲಿ ಹಲವು ಸೇರಿ ತೆನೆ, ಬೀಜ, ಗಿಡದ ಚೂರುಗಳನ್ನು ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ ದಿಬ್ಬ ಮಾಡುತ್ತವೆ. ಅದರ ಅಡಿಯಲ್ಲಿ ಚಳಿಗಾಲ ಕಳೆಯುವುದು ಹೆಚ್ಚಾಗಿ ಆ ವರ್ಷದ ಎಳೆಯ ಇಲಿಗಳು. ವಸಂತ ಬರುವತನಕ ಅವು ಮರಿ ಮಾಡುವುದನ್ನೇ ಮುಂದೂಡುತ್ತವೆ.

ಗಬ್ಬದ ಇಲಿ ಬೇರೆ ಗೂಡು ಕಟ್ಟುತ್ತದೆಯೇ? ಗಂಡು ಕೈ ಜೋಡಿಸುತ್ತದೆಯೇ?

ಬಸಿರು ನಿಂತ ಸುಂಡಿಲಿ ಮೊದಲಿಗಿಂತ ದೊಡ್ಡದಾದ, ಹೆಚ್ಚು ಮುಚ್ಚಿದ ಗೂಡು ಕಟ್ಟತೊಡಗುತ್ತದೆ. ಇದರ ಹಿಂದೆ ಪ್ರೊಜೆಸ್ಟರಾನ್ ಹಾರ್ಮೋನಿನ ಕೈವಾಡವಿದೆ. ಮೂರು ವಾರಕ್ಕೆ ಮರಿಗಳು ಹುಟ್ಟುತ್ತವೆ: ಕೂದಲಿಲ್ಲ, ಕಣ್ಣು ಕಿವಿ ಮುಚ್ಚಿರುತ್ತವೆ, ಮೈಶಾಖ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಾಯಿ ಮೇವಿಗೆ ಹೋದಷ್ಟು ಹೊತ್ತು ಅವುಗಳನ್ನು ಬೆಚ್ಚಗಿಡುವುದು ಗೂಡು, ಮತ್ತು ಒಂದನ್ನೊಂದು ಒತ್ತಿಕೊಂಡ ಒಡಹುಟ್ಟುಗಳು. ಎರಡು ವಾರಕ್ಕೆ ಕಣ್ಣು ಬಿಡುತ್ತವೆ, ಅಷ್ಟರಲ್ಲಿ ತುಪ್ಪಳವೂ ಬಂದಿರುತ್ತದೆ.

ಗಂಡಿನ ವಿಷಯ ಜಾತಿಗೆ ತಕ್ಕಂತೆ. ಅಮೆರಿಕದ ಪೆರೊಮಿಸ್ಕಸ್ ಕುಲದಲ್ಲಿ ಎರಡು ಇಲಿಗಳನ್ನು ಹೋಲಿಸಿ ನೋಡಿದ್ದಾರೆ. ಪೊಲಿಯೊನೋಟಸ್ ಎಂಬುದು ಒಂದೇ ಹೆಣ್ಣಿನ ಜೊತೆ ಬಾಳುತ್ತದೆ, ಗಂಡೂ ಒಳ್ಳೆಯ ಗೂಡು ಕಟ್ಟುತ್ತದೆ, ಮರಿಗಳನ್ನು ನೆಕ್ಕಿ ನೋಡಿಕೊಳ್ಳುತ್ತದೆ. ಮ್ಯಾನಿಕ್ಯುಲೇಟಸ್‌ನಲ್ಲಿ ಜೋಡಿ ಸ್ಥಿರವಲ್ಲ, ಗಂಡಿನ ಕಾಳಜಿಯೂ ಕಡಿಮೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವ್ಯತ್ಯಾಸಕ್ಕೆ ವಾಸೊಪ್ರೆಸಿನ್ ಎಂಬ ರಾಸಾಯನಿಕದ ಜೀನ್ ಕಾರಣಗಳಲ್ಲಿ ಒಂದೆಂದು ಕಂಡುಬಂತು. ಮಿದುಳಿನಲ್ಲಿ ಅದು ಹೆಚ್ಚಿದರೆ ಗೂಡು ಕಟ್ಟುವ ಕೆಲಸ ಇಳಿಯುತ್ತದೆ.

ಬಿಲ ತೋಡುವುದನ್ನು ಮರಿ ತಾಯಿಯಿಂದ ಕಲಿಯುತ್ತದೆಯೇ?

ಮೇಲೆ ಹೇಳಿದ ಅದೇ ಎರಡು ಇಲಿಗಳು ಇದಕ್ಕೂ ಉತ್ತರ ಕೊಟ್ಟಿವೆ. ಅಮೆರಿಕದ ಆಗ್ನೇಯ ಭಾಗದ ಮರಳು ಬಯಲಿನ ಪೊಲಿಯೊನೋಟಸ್ ತೋಡುವ ಬಿಲಕ್ಕೆ ಮೂರು ಭಾಗ: ಉದ್ದನೆಯ ಪ್ರವೇಶದಾರಿ, ಗೂಡಿನ ಕೋಣೆ, ಅಲ್ಲಿಂದ ಮೇಲಕ್ಕೆ ಏರಿ ನೆಲ ಒಡೆಯದೆ ಸ್ವಲ್ಪ ಕೆಳಗೇ ನಿಲ್ಲುವ ತಪ್ಪಿಸಿಕೊಳ್ಳುವ ದಾರಿ. ಹಾವು ಬಾಗಿಲಿನಿಂದ ಬಂದರೆ ಇಲಿ ಈ ದಾರಿಯಲ್ಲಿ ಏರಿ ಮರಳು ಸೀಳಿ ಹೊರಬರುತ್ತದೆ. ಮ್ಯಾನಿಕ್ಯುಲೇಟಸ್ ತೋಡುವುದು ಗಿಡ್ಡ ದಾರಿ, ಅದಕ್ಕೆ ಹಿಂಬಾಗಿಲಿಲ್ಲ.

ಹಾರ್ವರ್ಡ್‌ನಲ್ಲಿ ಹೋಪಿ ಹೊಕ್‌ಸ್ಟ್ರ ಅವರ ತಂಡ ಪಂಜರದಲ್ಲೇ ಹುಟ್ಟಿ ಬೆಳೆದ, ಎಂದೂ ಬಿಲ ಕಾಣದ ಇಲಿಗಳನ್ನು ಮರಳು ತುಂಬಿದ ದೊಡ್ಡ ಪೆಟ್ಟಿಗೆಗೆ ಬಿಟ್ಟಿತು. ತೋಡಿದ ಬಿಲಕ್ಕೆ ಉಬ್ಬುವ ಫೋಮ್ ಸುರಿದು ಅಚ್ಚು ತೆಗೆದು ಅಳೆದರು. ಪ್ರತಿಯೊಂದೂ ತನ್ನ ಜಾತಿಯ ನಕ್ಷೆಯಂತೆಯೇ ತೋಡಿತ್ತು. ಎರಡು ಜಾತಿಗಳನ್ನು ಕೂಡಿಸಿದಾಗ ಹುಟ್ಟಿದ ಮರಿಗಳು ಪೊಲಿಯೊನೋಟಸ್‌ನಂತೆ ತೋಡಿದವು. ಮುಂದಿನ ಪೀಳಿಗೆಯಲ್ಲಿ ಗುಣಗಳು ಬಿಡಿಯಾದವು: ದಾರಿಯ ಉದ್ದವೇ ಬೇರೆಯಾಗಿ, ಹಿಂಬಾಗಿಲೇ ಬೇರೆಯಾಗಿ ವಂಶದಲ್ಲಿ ಇಳಿದವು. ಇದು ಪ್ರಕಟವಾದದ್ದು 2013ರಲ್ಲಿ. ಪ್ರಾಣಿಯ ಮೈಬಣ್ಣ ವಂಶದಲ್ಲಿ ಬರುತ್ತದೆಂದು ಒಪ್ಪುವುದು ಸುಲಭ. ಮನೆಯ ಹಿಂಬಾಗಿಲೂ ಹಾಗೆಯೇ ಬರುತ್ತದೆಂಬುದು ನನಗಂತೂ ಇಂದಿಗೂ ಬೆರಗು.

ಹಾಗೆಂದು ಅನುಭವಕ್ಕೆ ಬೆಲೆಯಿಲ್ಲ ಎಂದಲ್ಲ. ನಕ್ಷೆ ಹುಟ್ಟಿನಿಂದ ಬಂದರೂ ಎಲ್ಲಿ ತೋಡಬೇಕು, ಗೂಡಿಗೆ ಏನು ತರಬೇಕು ಎಂಬುದನ್ನು ನೆಲವೂ ಋತುವೂ ತೀರ್ಮಾನಿಸುತ್ತವೆ.

ಒಂದು ಗೂಡಿನಲ್ಲಿ ಎರಡು ತಾಯಂದಿರ ಮರಿಗಳು ಇರಲು ಸಾಧ್ಯವೇ?

ಸುಂಡಿಲಿಗಳಲ್ಲಿ ಇದು ಸಾಮಾನ್ಯ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಒಂದು ಕೊಟ್ಟಿಗೆಯಲ್ಲಿ 40 ಗೂಡುಪೆಟ್ಟಿಗೆಗಳನ್ನಿಟ್ಟು, ಬಂದುಹೋಗುವ ಕಾಡು ಸುಂಡಿಲಿಗಳನ್ನು ಬಾರ್ಬರಾ ಕ್ಯೋನಿಗ್ ಅವರ ತಂಡ 2002ರಿಂದ ಗಮನಿಸುತ್ತಾ ಬಂದಿದೆ. ಅಲ್ಲಿ ಒಂದಕ್ಕಿಂತ ಹೆಚ್ಚು ಹೆಣ್ಣುಗಳು ಮರಿಗಳನ್ನು ಒಂದೇ ಗೂಡಿಗೆ ಹಾಕಿ, ತನ್ನದು ಬೇರೆಯದು ಎನ್ನದೆ ಹಾಲೂಡಿಸುವುದುಂಟು. ಅದರಲ್ಲೂ ಅಪಾಯವಿದೆ: ಒಂದರ ಮರಿಗಳು ಮೊದಲೇ ಹುಟ್ಟಿದ್ದರೆ, ಇನ್ನೂ ಬಸಿರಿರುವ ಇನ್ನೊಂದು ಅವುಗಳಲ್ಲಿ ಕೆಲವನ್ನು ಕೊಲ್ಲಬಹುದು.

ಬಿಲದಲ್ಲಿ ಕಾಳು ಕೂಡಿಡುತ್ತದೆಯೇ?

ಸಣ್ಣ ಇಲಿಗಳದು ಹೆಚ್ಚೇನಿಲ್ಲ. ಕಾಳಿನ ಕಣಜವೆಂದರೆ ಹೊಲದ ಹೆಗ್ಗಣದ ಬಿಲ. ಸುಗ್ಗಿಯಲ್ಲಿ ಒಂದೇ ಬಿಲದಿಂದ ಅರ್ಧ ಸೇರು ಕಾಳು, ಇಡೀ ಜೋಳದ ತೆನೆಗಳೂ ಸಿಗುತ್ತಿದ್ದವು, ಒಡ್ಡರಿಗೆ ಆ ದಿನಗಳಲ್ಲಿ ಅದೇ ಮುಖ್ಯ ಆಹಾರವಾಗುತ್ತಿತ್ತು ಎಂದು ಎಲಿಯಟ್ ಬರೆದಿದ್ದಾನೆ.

ಬದುವಿನ ತುಂಬ ತೂತುಗಳಿವೆ. ಇಲಿ ಇರುವ ಬಿಲ ಯಾವುದೆಂದು ತಿಳಿಯುವುದು ಹೇಗೆ?

ಸಂಜೆ ಎಲ್ಲ ಬಾಯಿಗಳನ್ನೂ ಹಸಿ ಮಣ್ಣಿನಿಂದ ಮುಚ್ಚಿಬಿಡಿ. ಮಾರನೆಯ ಬೆಳಿಗ್ಗೆ ತೆರೆದುಕೊಂಡವುಗಳನ್ನು ಎಣಿಸಿ. ಅವೇ ಇಲಿ ವಾಸವಿರುವ ಬಿಲಗಳು. ಕೃಷಿ ಇಲಾಖೆಯವರೂ ಇದನ್ನೇ ಹೇಳುತ್ತಾರೆ, ಖರ್ಚಿಲ್ಲದ ಕೆಲಸ. ಇದನ್ನು ಮಾಡದೆ ಕಂಡ ತೂತಿಗೆಲ್ಲ ಮದ್ದು ಹಾಕುವುದು ಬೆಟ್ಟ ಅಗೆದು ಇಲಿ ಹಿಡಿದಂತೆ. ಜೊತೆಗೆ ಇಲಿ ಇಲ್ಲದ ಹಳೆಯ ಬಿಲದಲ್ಲಿ ಕಪ್ಪೆ, ಹಲ್ಲಿ, ಹಾವುಗಳಿರುತ್ತವೆ, ಅವಕ್ಕೆ ಕೇಡು.

ಬದುವಿನ ಗಾತ್ರವನ್ನೂ ನೋಡಿ. ಭತ್ತದ ಗದ್ದೆಯ ಬದು ಅಗಲ, ಎತ್ತರ ಎರಡರಲ್ಲೂ 30 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಗೂಡಿನ ಕೋಣೆಗೆ ಅಲ್ಲಿ ಜಾಗ ಸಾಲುವುದಿಲ್ಲ. ಮರಿ ಮಾಡಲು ಜಾಗವಿಲ್ಲದ ಕಡೆ ಇಲಿ ಹೆಚ್ಚುವುದಿಲ್ಲ. ವಿಷಕ್ಕಿಂತ ನಾನು ಇದನ್ನೇ ನಂಬುತ್ತೇನೆ. ಇದನ್ನು ಒಬ್ಬರು ಮಾಡಿ ಪಕ್ಕದ ಹೊಲದವರು ಸುಮ್ಮನಿದ್ದರೆ ಮಾತ್ರ ಉಪಯೋಗ ಕಡಿಮೆ.

ಬಿಲವಿದ್ದರೆ ಹಾವು ಬಂದೇ ಬರುತ್ತದೆಯೇ?

ಬರುವುದು ಸಹಜ. ನಾಗರಹಾವು, ಕೇರೆ ಎರಡೂ ಇಲಿಯನ್ನು ಹುಡುಕಿಕೊಂಡು ಬಿಲಕ್ಕಿಳಿಯುತ್ತವೆ, ಖಾಲಿ ಬಿಲದಲ್ಲಿ ತಂಗುತ್ತವೆ. ಆದ್ದರಿಂದ ಯಾವ ಬಿಲಕ್ಕೂ ಬರಿಗೈ ಹಾಕಬೇಡಿ, ಮಕ್ಕಳಿಗೂ ಹೇಳಿಡಿ.

ಮನೆಯಲ್ಲಿ ಇಲಿ ಗೂಡು ಸಿಕ್ಕಿದೆ. ಏನು ಮಾಡಲಿ?

ಒಣ ಪೊರಕೆಯಿಂದ ಗುಡಿಸಬೇಡಿ. ಇಲಿಯ ಮೂತ್ರ, ಹಿಕ್ಕೆಯ ಧೂಳು ಗಾಳಿಗೇಳುತ್ತದೆ. ಇಲಿ ಜ್ವರ ಹರಡುವುದು ಅದರ ಮೂತ್ರದಿಂದ. ಗೂಡಿನ ಹೊದಿಕೆಯಲ್ಲಿ ನುಸಿ, ಉಣ್ಣೆಗಳೂ ಇರುತ್ತವೆ. ಕಿಟಕಿ ತೆರೆದಿಡಿ. ಕೈಗವಸು ಹಾಕಿಕೊಂಡು ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಗೂಡಿನ ಮೇಲೆ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಚೀಲದಲ್ಲಿ ಕಟ್ಟಿ ಬಿಸಾಡಿ.

ಅದಕ್ಕೂ ಮೊದಲು ಗೂಡು ಯಾವುದರಿಂದ ಕಟ್ಟಿದೆ ಎಂದು ನೋಡಿ. ಕೌದಿಯ ಹತ್ತಿ, ಸೀರೆಯ ನೂಲು, ಹಳೆಯ ಪುಸ್ತಕದ ಚೂರು, ಏನೇ ಇರಲಿ, ಅದು ಆ ಇಲಿ ಓಡಾಡುವ ದಾರಿಯನ್ನು ತೋರಿಸುತ್ತದೆ. ಸಾಮಾನನ್ನು ಅದು ಬಹಳ ದೂರದಿಂದ ತರುವುದಿಲ್ಲ. ಆ ಪೆಟ್ಟಿಗೆ, ಆ ಕಪಾಟನ್ನು ಭದ್ರಪಡಿಸಿ. ಸುಂಡಿಲಿ 6 ಮಿಲಿಮೀಟರ್ ಸಂದಿಯಲ್ಲೂ ತೂರುತ್ತದೆ, ಪೆನ್ಸಿಲ್ ಹೋಗುವ ತೂತು ಕಂಡರೆ ಉಕ್ಕಿನ ನಾರು ತುರುಕಿ ಸಿಮೆಂಟಿನಿಂದ ಮುಚ್ಚಿ. ಬಟ್ಟೆ ತುರುಕಬೇಡಿ, ಅದನ್ನೂ ಗೂಡಿಗೆ ಒಯ್ಯುತ್ತದೆ.

ಹೊಲದ ಗೂಡಿನಲ್ಲಿ ಕಣ್ಣು ಬಿಡದ ಮರಿಗಳು ಸಿಕ್ಕರೆ?

ಬದು ಕಡಿಯುವಾಗ, ಬಣವೆ ಬಿಚ್ಚುವಾಗ ಹೀಗಾಗುತ್ತದೆ. ಉಳಿಸುವ ಮನಸ್ಸಿದ್ದರೆ ಗೂಡಿನ ಹೊದಿಕೆಯ ಸಮೇತ ಎತ್ತಿ ಹತ್ತಿರದ ಮರೆಯಲ್ಲಿಟ್ಟು ದೂರ ಸರಿಯಿರಿ. ತಾಯಿ ಬದುಕಿದ್ದರೆ ಬಂದು ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಹೊಸ ಜಾಗಕ್ಕೆ ಸಾಗಿಸುವ ಸಾಧ್ಯತೆ ಚೆನ್ನಾಗಿದೆ. ಮನೆಗೆ ತಂದು ಹಾಲು ಕುಡಿಸಿ ಬದುಕಿಸುವುದು ತೀರಾ ಕಷ್ಟ.

ಸಾಕಿದ ಬಿಳಿ ಇಲಿಗೂ ಗೂಡಿನ ಸಾಮಾನು ಬೇಕೇ?

ಖಂಡಿತ ಬೇಕು. ಎಷ್ಟೋ ಪೀಳಿಗೆ ಪಂಜರದಲ್ಲೇ ಕಳೆದಿದ್ದರೂ ಆ ಗುಣ ಹೋಗಿಲ್ಲ. ಒತ್ತಿದ ಹತ್ತಿಯ 3 ಗ್ರಾಂನ ಒಂದು ತುಂಡನ್ನು ಸಂಜೆ ಪಂಜರಕ್ಕೆ ಹಾಕಿ, ಬೆಳಿಗ್ಗೆ ಅದು ಕಟ್ಟಿದ ಗೂಡಿಗೆ 1ರಿಂದ 5ರವರೆಗೆ ಅಂಕ ಕೊಡುವ ಪರೀಕ್ಷೆ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಹುಷಾರಿಲ್ಲದ, ನೋವಿನಲ್ಲಿರುವ ಇಲಿ ಹತ್ತಿಯನ್ನು ಮುಟ್ಟದೆ ಬಿಡುತ್ತದೆ, ಅದರಿಂದಲೇ ಅದರ ಆರೋಗ್ಯ ಗೊತ್ತಾಗುತ್ತದೆ. ಮನೆಯಲ್ಲಿ ಸಾಕುವವರು ಒಣಹುಲ್ಲಿನ ಜೊತೆ ಬಣ್ಣ, ವಾಸನೆ ಇಲ್ಲದ ಕಾಗದದ ಪಟ್ಟಿಗಳನ್ನು ಧಾರಾಳವಾಗಿ ಹಾಕಿ. ಉದ್ದ ದಾರ, ಉಣ್ಣೆಯ ನೂಲು ಬೇಡ, ಕಾಲಿಗೆ ಸುತ್ತಿಕೊಳ್ಳುತ್ತವೆ. ಪಂಜರ ತೊಳೆಯುವಾಗ ಹಳೆಯ ಗೂಡಿನ ಒಣಗಿರುವ ಭಾಗವನ್ನು ತೆಗೆದಿಟ್ಟು ಹಿಂದಕ್ಕೆ ಹಾಕಿ, ಮರಿಗಳಿದ್ದರೆ ಕೆಲವು ದಿನ ಗೂಡಿನ ತಂಟೆಗೇ ಹೋಗಬೇಡಿ.